‘ಕ್ಷೇಮ’ ಎಂಬ ಒಕ್ಕಣೆ

1824ರ ಕಿತ್ತೂರಿನ ಕಾಳಗವನ್ನು ಲಾವಣಿ ಕಟ್ಟಿ ಹಾಡುವ ಸೀಮೆ ನಮ್ಮದು. ದಂಡಿಗೆ ಹೋದ ಕೇರಿಯ ಹುಡುಗನ ಕಾಗದ ಓದಲು ಮಾತ್ರ ನಮ್ಮ ವಿಮರ್ಶೆ ಇನ್ನೂ ಕೂತಿಲ್ಲ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದ ಭಾರತೀಯ ಸಿಪಾಯಿಗಳ ಟಪಾಲನ್ನು ಸರಕಾರ ಒಡೆದು ಓದುತ್ತಿತ್ತು. ಸೆನ್ಸಾರಿನವರು ಇಂಗ್ಲಿಷಿಗೆ ಇಳಿಸಿದ ತುಣುಕುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಡೇವಿಡ್ ಒಮಿಸ್ಸಿ 1999ರಲ್ಲಿ ಆಯ್ದು ಪ್ರಕಟಿಸಿದರು. ಅಲ್ಲೊಬ್ಬ ಭಾರತೀಯ ಸಿಪಾಯಿಗಳನ್ನು ಕರಿಮೆಣಸು, ಗೋರಾಗಳನ್ನು ಕೆಂಪುಮೆಣಸು ಎಂದು ಕರೆದು ಸಾವಿನ ಲೆಕ್ಕ ಊರಿಗೆ ಮುಟ್ಟಿಸಲು ನೋಡುತ್ತಾನೆ. (ಸೆನ್ಸಾರಿನವನಿಗೂ ಅದು ತಿಳಿಯಿತು, ಆ ಮಾತು ಬೇರೆ.) ಆದರೆ ಅಲ್ಲಿನ ದನಿ ಬಹುಪಾಲು ಪಂಜಾಬಿನದು. ನಮ್ಮವರ ದನಿ ಎಲ್ಲಿ? ‘ಯುದ್ಧಕುಲ’ದ ಸಿದ್ಧಾಂತ ಹಿಡಿದು 1892ರ ಹೊತ್ತಿಗೆ ಮಹಾರರ ಭರ್ತಿಯನ್ನೇ ನಿಲ್ಲಿಸಿದ್ದರು. 1917ರಲ್ಲಿ 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ಮುರಿದರು. ಪತ್ರಾಗಾರದ ಮೌನಕ್ಕೂ ಜಾತಿ ಇದೆ.

ಇನ್ನು ನಮ್ಮ ಮಗ್ಗುಲಿಗೇ ಬರೋಣ. ಅಂಬೇಡ್ಕರರ ಒತ್ತಾಯದ ಬಳಿಕ, 1941ರ ಅಕ್ಟೋಬರಿನಲ್ಲಿ, ಮಹಾರ್ ರೆಜಿಮೆಂಟಿನ ಮೊದಲ ಬಟಾಲಿಯನ್ ಹುಟ್ಟಿದ್ದು ಬೆಳಗಾವಿಯಲ್ಲಿ. ಬೈಲಹೊಂಗಲ, ಸವದತ್ತಿ ಕಡೆಯದೋ, ಆಗ ಸಂಸ್ಥಾನವಾಗಿದ್ದ ರಾಮದುರ್ಗದ್ದೋ ಒಂದು ಕೇರಿಗೆ ಕಾಗದ ಬಂತೆನ್ನಿ. ‘ಯಾರ ಕಡಿಂದ ಓದಸೂದು?’ ಸಾಲಿ ಮಾಸ್ತರರ ಕಟ್ಟೆ, ಇಲ್ಲಾ ಕುಲಕರ್ಣಿಯ ಅಂಗಳ. ತಾಯಿ ದೂರ ನಿಂತು ಕೇಳಬೇಕು. ಇದು ಮಗನಿಗೂ ಗೊತ್ತು. ಸಾಲದ ಸುದ್ದಿ ಬರೆಸಲಾರ, ಯಾಕಂದರ ಸಾಲ ಕೊಟ್ಟವನೇ ಓದುವವನಾಗಿರಬಹುದು. ವತನದ ಹೊಲದ ವ್ಯಾಜ್ಯ ಬರೆಸಲಾರ. ಹೆಂಡತಿಗೆ ಒಂದು ಮಾತು? ಅದಂತೂ ಆಗದ ಕೆಲಸ. ಉಳಿಯುವುದು ‘ಇತ್ತ ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಹಾಕುವುದು’ ಅಷ್ಟೇ.

ಶಿಷ್ಟ ವಿಮರ್ಶೆ ಇದನ್ನು ಸವಕಲು ಒಕ್ಕಣೆ ಎಂದು ಬದಿಗಿಡುತ್ತದೆ. ನಾವೇನು ಕಡಿಮೆ? ಸಿಟ್ಟು ಕಂಡರಷ್ಟೇ ದಲಿತ ಪಠ್ಯವೆನ್ನುವ ಚಟ ನಮಗೂ ಹತ್ತಿದೆ. ಬರೆದುಕೊಟ್ಟವನು, ಸೆನ್ಸಾರಿನವನು, ಓದಿ ಹೇಳುವವನು, ಮೂವರ ಕಣ್ಣು ತಪ್ಪಿಸಿ ಮನೆ ಮುಟ್ಟಬೇಕಾದ ಮಾತದು. ಅದು ಸಪ್ಪೆಯಾಗಿದ್ದರಿಂದಲೇ ಮುಟ್ಟಿತು.

ಇನ್ನೊಂದು ಪಠ್ಯ ಇದೆ, ಮನಿಯಾರ್ಡರಿನ ಕೂಪನ್. ನಾಕು ಸಾಲಿನ ಜಾಗ. ‘ಇದರಾಗ ತಮ್ಮನ್ನ ಸಾಲಿಗೆ ಹಾಕ್ರಿ’ ಅಂತ ಒಬ್ಬ ಬರೆಸಿದನೆನ್ನಿ. ಪೋಸ್ಟಮನ್ ಓದುತ್ತಾನೆ, ಸಾಕ್ಷಿದಾರ ಕೇಳುತ್ತಾನೆ, ತಾಯಿ ಹೆಬ್ಬಟ್ಟು ಒತ್ತುತ್ತಾಳೆ. ‘ನಿನ್ನ ಹುಡುಗಗ ಸಾಲಿ ಯಾಕ’ ಅನ್ನುವವರೆದುರಿಗೇ ರೊಕ್ಕ ಎಣಿಸಿ ಕೊಡಬೇಕು! ಈ ಜೋರು ಎಷ್ಟು ಬಂಡಾಯ ಪದ್ಯಗಳಿಗಿದೆ?

ಈ ನಾಕೂ ತಾಲೂಕಿನ ಗೆಳೆಯರೇ, ನಿಮ್ಮ ಅಜ್ಜನ ಪೆನ್ಶನ್ ಕಾಗದದ ಜೋಡಿ ಅಂಥ ಕೂಪನ್ ಸಿಕ್ಕರೆ ಒಲೆಗೆ ಹಾಕಬೇಡಿ. ಮೊದಲು ಅಜ್ಜಿಯನ್ನು ಕೇಳಿ: ಇದನ್ನ ಓದಿ ಹೇಳಿದವರು ಯಾರು, ನೀನು ಎಲ್ಲಿ ನಿಂತಿದ್ದಿ?