ಶಾಮೊನಿಯ ಸೂಜಿಯೂ ಮೆಟ್ಟಿಲೂ

ಫ್ರಾನ್ಸಿನ ಶಾಮೊನಿ ಪಟ್ಟಣ ಮೌಂಟ್ ಬ್ಲಾಂಕ್ ಶಿಖರದ ಬುಡದಲ್ಲಿ, ಸಮುದ್ರಮಟ್ಟದಿಂದ 1,035 ಮೀಟರ್ ಎತ್ತರದಲ್ಲಿದೆ. 1924ರ ಮೊದಲ ಚಳಿಗಾಲದ ಒಲಿಂಪಿಕ್ಸ್ ಅದಕ್ಕೆ ಸ್ಕೀ ಪಟ್ಟಣವೆಂಬ ಹೆಸರು ತಂದಿತು. ಆದರೆ ಅದಕ್ಕೂ ಬಹಳ ಹಿಂದಿನಿಂದಲೇ ಊರನ್ನು ಸಾಕಿದವರು ಬೇಸಿಗೆಯ ಅತಿಥಿಗಳು. ಈಗ ಹನ್ನೆರಡು ತಿಂಗಳೂ ಇಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಚಳಿಗಾಲಕ್ಕೆ ಸ್ಕೀ, ಬೇಸಿಗೆಗೆ ಚಾರಣ, ಪ್ಯಾರಾಗ್ಲೈಡಿಂಗ್, ಆರ್ವ್ ನದಿಯಲ್ಲಿ ರಾಫ್ಟಿಂಗ್, ಆಗಸ್ಟ್ ಕೊನೆಗೆ, 2003ರಿಂದ, ಮೂರು ದೇಶಗಳನ್ನು ಹಾದು ಪರ್ವತವನ್ನು ಸುತ್ತುವ ಸುಮಾರು 170 ಕಿಲೋಮೀಟರ್‌ಗಳ ಓಟ. ಇವು ಆಲ್ಪ್ಸ್‌ನ ಇತರ ಊರುಗಳಲ್ಲೂ ಹೆಚ್ಚುಕಡಿಮೆ ಸಿಗುವಂಥವು. ಶಾಮೊನಿಯನ್ನು ಬೇರೆಯಾಗಿ ನಿಲ್ಲಿಸುವ ನೋಟಗಳು ಎರಡು: ಮೇಲೆ ಎಗ್ವಿ ದ್ಯು ಮಿದಿ, ಕೆಳಗೆ ಮೊಂತಾಂವೆರ್. ಕೀರ್ತಿಯೆಲ್ಲ ಮೊದಲನೆಯದಕ್ಕೆ ಹೋಗಿದೆ, ಸಲ್ಲಬೇಕಾದದ್ದು ಎರಡನೆಯದಕ್ಕೆ.

ಈ ತಪ್ಪು ಲೆಕ್ಕದ ಬೇರು ಊರಿನ ನಡುಚೌಕದ ಪ್ರತಿಮೆಯಲ್ಲೇ ಇದೆ. 1786ರಲ್ಲಿ ಮೌಂಟ್ ಬ್ಲಾಂಕನ್ನು ಮೊದಲು ಏರಿದವರು ಇಬ್ಬರು, ಜಾಕ್ ಬಾಲ್ಮಾ ಮತ್ತು ವೈದ್ಯ ಮಿಶೆಲ್ ಪಾಕಾರ್. 1887ರಲ್ಲಿ ನಿಲ್ಲಿಸಿದ ಪ್ರತಿಮೆಯಲ್ಲಿ ಬಾಲ್ಮಾ ಇದ್ದಾನೆ. ಅವನ ಪಕ್ಕದಲ್ಲಿ ಇರುವವನು ಪಾಕಾರ್ ಅಲ್ಲ, ಆರೋಹಣಕ್ಕೆ ಬಹುಮಾನ ಘೋಷಿಸಿದ್ದ ಜಿನೀವಾದ ವಿಜ್ಞಾನಿ ಸೊಸ್ಯೂರ್. ಪಾಕಾರನಿಗೆ ಪ್ರತಿಮೆ ಸಿಕ್ಕಿದ್ದು 1986ರಲ್ಲಿ, ಇನ್ನೂರು ವರ್ಷ ಕಾದ ಮೇಲೆ. ಬಾಲ್ಮಾನ ಕೈ ಶಿಖರದತ್ತ ಚಾಚಿದೆ. ಶಾಮೊನಿಯ ಪ್ರವಾಸೋದ್ಯಮ ಆ ಕೈ ತೋರಿಸಿದ ದಿಕ್ಕನ್ನು ಇಂದಿಗೂ ಬಿಟ್ಟಿಲ್ಲ.

ಎಗ್ವಿ ದ್ಯು ಮಿದಿ ಎಂದರೆ ನಡುಹಗಲಿನ ಸೂಜಿ. 1955ರಲ್ಲಿ ಆರಂಭವಾದ ಕೇಬಲ್ ಕಾರ್ ಎರಡು ಹಂತಗಳಲ್ಲಿ, ಸುಮಾರು ಇಪ್ಪತ್ತು ನಿಮಿಷಗಳಲ್ಲಿ, ಜನರನ್ನು ಅಲ್ಲಿಗೆ ಒಯ್ಯುತ್ತದೆ. ಎರಡನೇ ಹಂತದ ಹಗ್ಗಕ್ಕೆ ನಡುವೆ ಒಂದು ಕಂಬವೂ ಇಲ್ಲ. ಎಂಜಿನಿಯರಿಂಗ್ ಆಗಿ ಇದು ಅಸಾಮಾನ್ಯ ಕೆಲಸ, ಆ ಬಗ್ಗೆ ತಕರಾರಿಲ್ಲ. ಕೊನೆಯ ತುದಿ 3,842 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಮೂರನೇ ಎರಡರಷ್ಟು. 2013ರ ಡಿಸೆಂಬರ್‌ನಲ್ಲಿ ಅಲ್ಲಿ ಪಾರದರ್ಶಕ ಗಾಜಿನ ಪೆಟ್ಟಿಗೆಯೊಂದನ್ನು ಪ್ರಪಾತದ ಮೇಲೆ ತೂಗುಬಿಟ್ಟರು. ಗಾಜಿಗೆ ಗೀರು ಬೀಳದಂತೆ ಮೆತ್ತನೆಯ ಚಪ್ಪಲಿ ಹಾಕಿಸಿ ಒಳಗೆ ಬಿಡುತ್ತಾರೆ. ಕಾಲಡಿಗೆ ಸಾವಿರ ಮೀಟರ್ ಆಳ ಬಾಯ್ತೆರೆದಿದ್ದರೂ ಒಳಹೊಕ್ಕವರು ನೋಡುವುದು ಎದುರಿನ ಕ್ಯಾಮೆರಾವನ್ನು. ಜನವರಿಯಲ್ಲಿ ಕಂಡದ್ದೇ ಜುಲೈಯಲ್ಲೂ ಕಾಣುತ್ತದೆ: ಬಿಳುಪು, ನೀಲಿ, ಸಾಲುಸಾಲು ಶಿಖರ. ವರ್ಷವಿಡೀ ಮಾರಲು ಅನುಕೂಲವಾದದ್ದೂ, ಒಮ್ಮೆ ನೋಡಿದರೆ ಮುಗಿದುಹೋಗುವಂತೆ ಮಾಡಿದ್ದೂ ಈ ಏಕರೂಪವೇ.

ಮೊಂತಾಂವೆರ್‌ಗೆ 1909ರಿಂದ ಹಲ್ಲುಹಳಿಯ ರೈಲು ಓಡುತ್ತಿದೆ. ಐದು ಕಿಲೋಮೀಟರ್ ಹಾದಿ, 1,913 ಮೀಟರ್ ಎತ್ತರದ ನಿಲ್ದಾಣ. ಎದುರಿಗೆ ಫ್ರಾನ್ಸಿನ ಅತಿ ದೊಡ್ಡ ಹಿಮನದಿ ಮೆರ್ ದ ಗ್ಲಾಸ್, ಅಂದರೆ ಮಂಜುಗಡ್ಡೆಯ ಕಡಲು. 1741ರಲ್ಲಿ ಬಂದ ವಿಂಡಮ್, ಪೋಕಾಕ್ ಎಂಬ ಇಬ್ಬರು ಇಂಗ್ಲಿಷರು ಅದನ್ನು ಗಾಳಿಗೆ ಹೊಯ್ದಾಡುತ್ತಲೇ ಹೆಪ್ಪುಗಟ್ಟಿದ ನೀರಿಗೆ ಹೋಲಿಸಿದ್ದರಿಂದ ಹೆಸರು ನಿಂತಿತು. ಮೇರಿ ಶೆಲ್ಲಿ 1816ರಲ್ಲಿ ಇಲ್ಲಿಗೆ ಬಂದು, ಎರಡು ವರ್ಷಗಳ ನಂತರ ಪ್ರಕಟವಾದ 'ಫ್ರಾಂಕನ್‌ಸ್ಟೈನ್' ಕಾದಂಬರಿಯಲ್ಲಿ ವಿಜ್ಞಾನಿಯೂ ಅವನ ಸೃಷ್ಟಿಯೂ ಎದುರುಬದುರಾಗುವುದನ್ನು ಈ ಮಂಜಿನ ಮೇಲೆಯೇ ಇಟ್ಟಳು. ಇಂದು ನಿಲ್ದಾಣದ ಕಟಕಟೆಗೆ ಒರಗಿದವರಿಗೆ ಕಡಲು ಕಾಣುವುದಿಲ್ಲ. ಆಳದ ಕಣಿವೆ, ಬೂದುಬಣ್ಣದ ಕಲ್ಲುರಾಶಿ, ಅದರಡಿ ಎಲ್ಲೋ ಮಂಜುಗಡ್ಡೆ. ಮೊದಲ ನೋಟಕ್ಕೆ ನಿರಾಶೆಯೇ. ಬಹುಪಾಲು ಪ್ರವಾಸ ಬರಹಗಳು ಆ ನಿರಾಶೆಯಲ್ಲೇ ನಿಂತುಬಿಡುತ್ತವೆ.

ನಿಜವಾದ ಕೃತಿ ಶುರುವಾಗುವುದು ನಿಲ್ದಾಣದ ಕೆಳಗೆ. ಹಿಮನದಿಯೊಳಗೆ ಪ್ರತಿವರ್ಷ ಹೊಸದಾಗಿ ಗವಿಯೊಂದನ್ನು ಕೊರೆಯುತ್ತಾರೆ. ಮಂಜು ಸರಿಯುತ್ತಲೇ ಇರುವುದರಿಂದ ಹಳೆಯದು ಉಳಿಯುವುದಿಲ್ಲ. ಗವಿಯ ಹತ್ತಿರಕ್ಕೆ ಇಳಿಸಲು 1988ರಲ್ಲಿ ಪುಟ್ಟ ಗೊಂಡೊಲಾ ಹಾಕಿದಾಗ, ಅದರಿಂದಿಳಿದು ಬೆರಳೆಣಿಕೆಯ ಮೆಟ್ಟಿಲು ದಾಟಿದರೆ ಮಂಜು ಸಿಗುತ್ತಿತ್ತು. ಮಂಜು ಕುಸಿದಂತೆ ಮೆಟ್ಟಿಲು ಸೇರಿಸಿದರು, ಮತ್ತೆ ಕುಸಿಯಿತು, ಮತ್ತೆ ಸೇರಿಸಿದರು. ಮೂರು ದಶಕಗಳಲ್ಲಿ ಸಂಖ್ಯೆ ಐನೂರು ಮೀರಿತು. ಬಂಡೆಗೆ ಅಲ್ಲಲ್ಲಿ ಫಲಕ ಹೊಡೆದರು: ಹಿಮನದಿಯ ಮಟ್ಟ, 1990, ಇನ್ನಷ್ಟು ಇಳಿದ ಮೇಲೆ ಮತ್ತೊಂದು ವರ್ಷ, ಮತ್ತೊಂದು.

ಈ ಫಲಕಗಳ ಭಾಷೆಯನ್ನು ಗಮನಿಸಬೇಕು. ಒಂದು ನಾಮಪದ, ಒಂದು ಇಸವಿ. ವಿಶೇಷಣವಿಲ್ಲ, ಉಪದೇಶವಿಲ್ಲ, 'ಕಣ್ಮನ ತಣಿಸುವ' ಎಂಬ ಮಾತಂತೂ ಇಲ್ಲವೇ ಇಲ್ಲ. ಉಳಿದದ್ದನ್ನು ಓದುವುದು ಮೊಣಕಾಲು. ಒಂದು ಫಲಕದಿಂದ ಇನ್ನೊಂದಕ್ಕೆ ಮೆಟ್ಟಿಲು ದಾಟಿದಂತೆ ಆ ನಡುವಿನ ವರ್ಷಗಳ ಕರಗುವಿಕೆ ಮೀನಖಂಡಕ್ಕೆ ದಾಟುತ್ತದೆ. ಇಳಿಯುವಾಗ ಕಾಲ ಮುಂದಕ್ಕೆ ಸಾಗುತ್ತದೆ, ಸಲೀಸಾಗಿ. ಏರುವಾಗ ಹಿಂದಕ್ಕೆ ಹೋಗಬೇಕು, ಏದುಸಿರು ಬಿಡುತ್ತ. 1990ರ ಫಲಕ ತಲೆಯ ಮೇಲೆ ಉಳಿದ ಕ್ಷಣದಿಂದ ನಡೆಯುವವರ ಸುತ್ತಲಿರುವುದು ಬರೀ ಗಾಳಿಯಲ್ಲ, ಒಂದು ಕಾಲಕ್ಕೆ ಗಟ್ಟಿಮಂಜು ತುಂಬಿದ್ದ ಜಾಗ. ಯಾವ ವಾಸ್ತುಶಿಲ್ಪಿಯೂ ಇದನ್ನು ರೂಪಿಸಲಿಲ್ಲ. ಗವಿಯ ಟಿಕೆಟ್ ವ್ಯಾಪಾರ ನಿಲ್ಲದಿರಲೆಂದು ಸೇರಿಸುತ್ತ ಹೋದ ಕಬ್ಬಿಣ ಇದು. ದೋಷಗಳೂ ಇವೆ: ಫಲಕಗಳ ನಡುವಿನ ವರ್ಷಗಳು ಸಮವಾಗಿಲ್ಲ, ಆದ್ದರಿಂದ ಕರಗುವ ವೇಗ ಮೆಟ್ಟಿಲಿನ ಲೆಕ್ಕದಲ್ಲಿ ನೇರವಾಗಿ ಸಿಗುವುದಿಲ್ಲ, ಕಾಲಿನಲ್ಲಿ ಶಕ್ತಿ ಇಲ್ಲದವರಿಗೆ ಈ ಓದು ದಕ್ಕುವುದೇ ಇಲ್ಲ.

ವಿಮರ್ಶಕರು ಇಂಥ ಜಾಗಗಳನ್ನು ಕಂಡರೆ ಮೂಗು ಮುರಿಯುವುದು ಹೊಸತಲ್ಲ. ಕಲಾವಿಮರ್ಶಕ ಜಾನ್ ರಸ್ಕಿನ್ 1865ರಲ್ಲಿ, ಕವಿಗಳು ಪೂಜಿಸಿದ ಆಲ್ಪ್ಸನ್ನು ಜನ ಜಾರುಗಂಬ ಮಾಡಿಕೊಂಡು ಹತ್ತಿ ಜಾರುತ್ತಿದ್ದಾರೆಂದು ಸಿಡುಕಿದ. ಆರು ವರ್ಷಗಳ ನಂತರ ಪರ್ವತಾರೋಹಿ ಲೆಸ್ಲಿ ಸ್ಟೀಫನ್ ತನ್ನ ಪುಸ್ತಕಕ್ಕೆ 'ಯೂರೋಪಿನ ಆಟದ ಬಯಲು' ಎಂಬ ಅರ್ಥದ ಹೆಸರಿಟ್ಟು ಅದೇ ಬೈಗುಳವನ್ನು ಬಿರುದಾಗಿ ಧರಿಸಿದ. ಇಬ್ಬರಿಗೂ ಪರ್ವತ ಎಂದರೆ ಕದಲದ ವಸ್ತು. ಜಗಳವಿದ್ದದ್ದು ಅದರ ಮುಂದೆ ಕೈಮುಗಿಯಬೇಕೋ ಆಡಬೇಕೋ ಎಂಬುದರಲ್ಲಿ ಮಾತ್ರ. ವಿನೋದವೆಂದರೆ, 1850ರ ದಶಕದಲ್ಲಿ ಮೆರ್ ದ ಗ್ಲಾಸ್‌ನ ಆರಂಭದ ಛಾಯಾಚಿತ್ರಗಳನ್ನು ಮಾಡಿಸಿದವರಲ್ಲಿ ರಸ್ಕಿನ್ನನೇ ಒಬ್ಬ. ಅವನ ಗದ್ಯಕ್ಕಿಂತ ಆ ಬೆಳ್ಳಿತಗಡಿನ ಚಿತ್ರ ಇಂದು ಹೆಚ್ಚು ಹೇಳುತ್ತದೆ. ಮೆಟ್ಟಿಲ ಸಾಲಿನ ಮೊದಲ ಫಲಕ ಅದು, ಅವನಿಗೇ ಗೊತ್ತಿಲ್ಲದೆ ಹೊಡೆದದ್ದು.

ಇಂದಿನ ರಸ್ಕಿನ್ನರು 'ಕೊನೆಯ ಅವಕಾಶದ ಪ್ರವಾಸ' ಎಂಬ ಮಾತನ್ನು ಹಿಡಿದಿದ್ದಾರೆ: ಸಾಯುವ ಹಿಮನದಿಯನ್ನು ನೋಡಲು ವಿಮಾನ ಹತ್ತಿ ಬಂದವರು ಅದರ ಸಾವನ್ನು ಬೇಗ ತರುತ್ತಾರೆ. ವಿಮಾನದ ಹೊಗೆಯ ಲೆಕ್ಕ ಸರಿ. ಆದರೆ ಅದೇ ಲೆಕ್ಕ ಗಾಜಿನ ಪೆಟ್ಟಿಗೆಗೂ ಸ್ಕೀ ಇಳಿಜಾರಿಗೂ ಅನ್ವಯಿಸುತ್ತದೆ. ನಾಚಿಕೆ ಹುಟ್ಟಿಸುವ ಜಾಗವನ್ನು ಮಾತ್ರ ಆರಿಸಿ ಬೈಯುವುದು ಸುಲಭದ ವಿಮರ್ಶೆ. ಸೂಜಿಯ ತುದಿಯಿಂದ ಸುಮಾರು 20 ಕಿಲೋಮೀಟರ್ ಇಳಿಯುವ ವಾಲೆ ಬ್ಲಾಂಶ್ ಸ್ಕೀ ಹಾದಿಯವರೂ ಎಷ್ಟೋ ಸಲ ಕೊನೆಗೆ ಮೊಂತಾಂವೆರ್‌ಗೇ ಏರಿ ರೈಲು ಹಿಡಿಯಬೇಕಾಗುತ್ತದೆ, ಕೆಳಗೆ ಸಾಕಷ್ಟು ಹಿಮವಿಲ್ಲದೆ.

2024ರಲ್ಲಿ ಹೊಸ ಗೊಂಡೊಲಾ ಬಂತು, ಹಿಮನದಿಯ ಇನ್ನೂ ಮೇಲ್ಭಾಗಕ್ಕೆ. ಇಳಿಯಬೇಕಾದ ಮೆಟ್ಟಿಲುಗಳು ತೀರ ಕಡಿಮೆಯಾದವು, ಗವಿ ಮತ್ತೆ ಹತ್ತಿರವಾಯಿತು. ವೃದ್ಧರಿಗೆ, ಮಕ್ಕಳಿಗೆ ಇದು ನ್ಯಾಯವಾದ ಅನುಕೂಲ. ಓದುವ ದೃಷ್ಟಿಯಿಂದ ಮಾತ್ರ ನಷ್ಟವೇ: ಮೂವತ್ತೈದು ವರ್ಷ ಬರೆದ ಅಧ್ಯಾಯವನ್ನು ಪಕ್ಕಕ್ಕಿಟ್ಟು ಮೊದಲ ಪುಟದಿಂದ ಶುರುಮಾಡಿದಂತೆ.

ಮೌಂಟ್ ಬ್ಲಾಂಕ್‌ನಿಂದ ಇಳಿಯುವ ಬೊಸ್ಸೋಂ ಹಿಮನದಿಗೆ ಇಂಥ ಫಲಕವೂ ಬೇಕಿಲ್ಲ, ನುಂಗಿದ್ದನ್ನು ವರ್ಷಗಳ ನಂತರ ಅದೇ ಹೊರಹಾಕುತ್ತದೆ. 1820ರಲ್ಲಿ ಮೇಲೆ ಬಿರುಕಿಗೆ ಬಿದ್ದ ಮೂವರು ಮಾರ್ಗದರ್ಶಕರ ಅವಶೇಷಗಳು 1861ರಿಂದ ಕೆಳಗೆ ಹೊರಬಂದವು. ಸುಮಾರು ನಲವತ್ತು ವರ್ಷ ಹಿಡಿಯುತ್ತದೆಂದು ಹಿಮನದಿಗಳ ಚಲನೆಯನ್ನು ಅಭ್ಯಸಿಸಿದ ವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಮೊದಲೇ ಅಂದಾಜಿಸಿದ್ದ. 1950ರಲ್ಲಿ ಮತ್ತು 1966ರ ಜನವರಿ 24ರಂದು ಏರ್ ಇಂಡಿಯಾದ ಎರಡು ವಿಮಾನಗಳು ಇದೇ ಪರ್ವತಕ್ಕೆ ಬಡಿದವು. ಎರಡನೆಯದರಲ್ಲಿದ್ದ 117 ಜನರಲ್ಲಿ ಒಬ್ಬರು ಅಣುವಿಜ್ಞಾನಿ ಹೋಮಿ ಭಾಭಾ, ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. 2012ರಲ್ಲಿ ಮಂಜು ಭಾರತ ಸರ್ಕಾರದ ರಾಜತಾಂತ್ರಿಕ ಅಂಚೆಚೀಲವೊಂದನ್ನು ಹೊರಹಾಕಿತು. 2020ರ ಬೇಸಿಗೆಯಲ್ಲಿ ಹೊರಬಂದದ್ದು ಒದ್ದೆಯಾದ ಭಾರತೀಯ ಪತ್ರಿಕೆಗಳ ಕಟ್ಟು. ಇಂದಿರಾ ಗಾಂಧಿ ಪ್ರಧಾನಿಯಾಗಲಿರುವ ಸುದ್ದಿ ಅವುಗಳ ಮುಖಪುಟದಲ್ಲಿ ಇನ್ನೂ ಓದುವಂತಿತ್ತು.