ಎರವಲು ಕೇಳುವ ಪುಟ

ಮನೆಬಳಕೆಯ ವಸ್ತುಗಳನ್ನು ಎರವಲು ಕೊಟ್ಟು ತರುವ ಜಾಲತಾಣಗಳ ಬಗ್ಗೆ ಯಾರೇ ಮಾತೆತ್ತಲಿ, ಡ್ರಿಲ್ ಮಷೀನಿನ ಕತೆ ಬಂದೇ ಬರುತ್ತದೆ. 2010ರಲ್ಲಿ ಸಿಡ್ನಿಯ ಟೆಡ್‌ಎಕ್ಸ್ ಭಾಷಣದಲ್ಲಿ ಲೇಖಕಿ ರೇಚೆಲ್ ಬಾಟ್ಸ್‌ಮನ್ ಇದನ್ನು ಹೇಳಿದರು. ಒಂದು ಡ್ರಿಲ್ಲು ತನ್ನ ಇಡೀ ಆಯುಷ್ಯದಲ್ಲಿ ಓಡುವುದು 12-13 ನಿಮಿಷ, ನಮಗೆ ಬೇಕಿರುವುದು ಗೋಡೆಯಲ್ಲಿ ತೂತು, ಡ್ರಿಲ್ಲಲ್ಲ ಎಂಬುದು ಅವರ ವಾದ. ಕೇಳಿದವರೆಲ್ಲ ತಲೆದೂಗಿದರು. ಅಂದಿನಿಂದ ಈ ಕ್ಷೇತ್ರದ ಲೇಖನಗಳೂ ಹೊಸ ಕಂಪನಿಗಳೂ ಅದೇ ಲೆಕ್ಕದಿಂದ ಶುರುವಾದವು. ಈ ಲೆಕ್ಕಕ್ಕೆ ಸಿಕ್ಕ ಕೀರ್ತಿ ಅದರ ಯೋಗ್ಯತೆಗೆ ಮೀರಿದ್ದು ಎಂದು ನಾನು ನಂಬಿದ್ದೇನೆ. ಡ್ರಿಲ್ಲು ಎಷ್ಟು ನಿಮಿಷ ಓಡಿತೆಂದು ಎಣಿಸಿದರು. ಅದನ್ನು ಕೇಳಲು ಹೋದವಳು ಪಕ್ಕದ ಮನೆಯ ಬಾಗಿಲಲ್ಲಿ ಬೆಲ್ ಒತ್ತಲೋ ಬೇಡವೋ ಎಂದು ಎಷ್ಟು ನಿಮಿಷ ನಿಂತಳೆಂದು ಯಾರೂ ಎಣಿಸಲಿಲ್ಲ.

ಸುಮ್ಮನೆ ಬಿದ್ದಿರುವ ವಸ್ತುವೇ ಸಮಸ್ಯೆ ಎಂದುಕೊಂಡರೆ ಅದನ್ನು ಪಟ್ಟಿಗೆ ಸೇರಿಸುವುದೇ ಪರಿಹಾರವಾಗುತ್ತದೆ. ಲಾಸ್ ಏಂಜಲೀಸಿನ ನೇಬರ್‌ಗುಡ್ಸ್, ಬ್ರಿಟನ್ನಿನ ಸ್ಟ್ರೀಟ್‌ಬ್ಯಾಂಕ್, ಲಂಡನ್ನಿನ ಫ್ಯಾಟ್ ಲಾಮಾಗಳ ಧ್ಯೇಯ ಬೇರೆಬೇರೆಯಾಗಿತ್ತು. ಒಂದರಲ್ಲಿ ಪುಕ್ಕಟೆ, ಇನ್ನೊಂದರಲ್ಲಿ ಬಾಡಿಗೆ. ಆದರೆ ಅವುಗಳ ಮೂಲ ಆಕಾರ ಒಂದೇ: ನಿಮ್ಮಲ್ಲಿ ಏನಿದೆ ಹಾಕಿ, ಬೇಕಾದವರು ಹುಡುಕಿಕೊಳ್ಳುತ್ತಾರೆ. ಅಂದರೆ ಅಂಗಡಿ. ಸದಸ್ಯನಾದ ದಿನವೇ ಅಟ್ಟದ ಮೇಲಿನ ಟೆಂಟನ್ನು ಇಳಿಸಿ ಫೋಟೊ ತೆಗೆದು ಹಾಕಿದವನ ಪಟ್ಟಿ ಆರು ತಿಂಗಳಲ್ಲಿ ಹಳತಾಗುತ್ತದೆ. ಟೆಂಟನ್ನು ತಮ್ಮ ಒಯ್ದಿರುತ್ತಾನೆ, ಪುಟದಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಇದಕ್ಕಿಂತ ದೊಡ್ಡ ತೊಡಕು ಬೇರೆ. ನನ್ನ ಹೆಸರಿನಡಿ ಟೆಂಟು ಕಂಡು ನೀವು ಕೇಳಿದಿರಿ ಎನ್ನಿ. ನನಗೆ ಕೊಡಲು ಮನಸ್ಸಿಲ್ಲ. ಆಗ ನಾನು ನಿಮಗೇ, ನಿಮ್ಮ ಹೆಸರಿಗೇ 'ಇಲ್ಲ' ಎನ್ನಬೇಕು. ನಾಳೆ ಬೆಳಿಗ್ಗೆ ಹಾಲಿನ ಬೂತಿನಲ್ಲಿ ನಾವಿಬ್ಬರೂ ಎದುರಾಗುವವರು.

2012ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಶುರುವಾದ ಪೀರ್ಬಿ ಈ ಆಕಾರವನ್ನು ತಲೆಕೆಳಗು ಮಾಡಿತು. ಅದಕ್ಕೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ. ಅದರ ಸ್ಥಾಪಕ ಡಾನ್ ವೆಡ್ಡೆಪೋಲ್ 2009ರಲ್ಲಿ ಬೆಂಕಿಗೆ ಮನೆ ಕಳೆದುಕೊಂಡವರು. ಸಣ್ಣಪುಟ್ಟದ್ದಕ್ಕೂ ಇನ್ನೊಬ್ಬರ ಮುಂದೆ ನಿಂತು ಕೇಳಬೇಕಾಗಿ ಬಂದಾಗ, ಕೇಳುವುದು ಕಷ್ಟ, ಕೊಡುವವರಿಗೆ ಮಾತ್ರ ಕೊಡುವುದು ಖುಷಿ ಎಂದು ಕಂಡುಕೊಂಡೆ ಎಂದು ಅವರು ಹೇಳಿಕೊಂಡಿದ್ದಾರೆ. ಅವರು ಕಟ್ಟಿದ ತಾಣದಲ್ಲಿ ಪಟ್ಟಿ ಮೊದಲು ಬರಲಿಲ್ಲ. ನಿನಗೇನು ಬೇಕು ಎಂದು ಕೇಳುವ ಒಂದು ಖಾಲಿ ಪೆಟ್ಟಿಗೆ ಬಂತು. ಅಲ್ಲಿ ಬರೆದದ್ದು ಸುತ್ತಮುತ್ತಲಿನ ಸದಸ್ಯರಿಗೆ ಹೋಗುತ್ತದೆ. ಇದ್ದವರು, ಮನಸ್ಸಿದ್ದವರು ಉತ್ತರಿಸುತ್ತಾರೆ.

ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಆದರೆ ಒಂದು ಪೆಟ್ಟಿಗೆಗೂ ಇನ್ನೊಂದು ಪೆಟ್ಟಿಗೆಗೂ ಎಷ್ಟು ಅಂತರ ಎಂದು ನೋಡಿ. ಹುಡುಕುವ ಪೆಟ್ಟಿಗೆಗೆ ಒಂದು ನಾಮಪದ ಸಾಕು. 'ಡ್ರಿಲ್' ಎಂದು ಬರೆದರೆ ಅದರ ಕೆಲಸ ಮುಗಿಯಿತು. ಕೇಳುವ ಪೆಟ್ಟಿಗೆಯಲ್ಲಿ ಬರೆಯುವವನ ಎದುರು ಮನುಷ್ಯರಿದ್ದಾರೆ, ಹಾಗಾಗಿ ನಾಮಪದ ತಾನಾಗಿ ವಾಕ್ಯವಾಗುತ್ತದೆ. ಇಂಥದೇ ಒಂದು ಕೇಳುವ ಪೆಟ್ಟಿಗೆ ಎನ್ನಬಹುದಾದ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪಿನಲ್ಲಿ ಒಂದು ಸಂಜೆ ಬಂದ ಸಂದೇಶ ಹೀಗಿತ್ತು: "ಯಾರ ಮನೇಲಾದ್ರೂ ಡ್ರಿಲ್ ಇದ್ಯಾ? ನಾಳೆ ಮಗು ನಾಮಕರಣ, ತೊಟ್ಟಿಲಿಗೆ ಕೊಕ್ಕೆ ಹಾಕಿಸ್ಬೇಕು. ಒಂದ್ ಗಂಟೆ ಸಾಕು." ಮೂರನೇ ಮಹಡಿಯ ಮೇಷ್ಟ್ರು ಉತ್ತರಿಸಿದರು: "ಬಂದು ತಗೊಂಡ್ ಹೋಗಮ್ಮ, ಬಿಟ್ಟುಗಳೂ ಇವೆ." ಆಕೆಯ ಮೂರು ವಾಕ್ಯಗಳಲ್ಲಿ ವಸ್ತುವಿದೆ, ಕಾರಣವಿದೆ, ಅವಧಿಯಿದೆ. ಮೇಷ್ಟ್ರಿಗೆ ಡ್ರಿಲ್ಲಿನ ಜೊತೆಗೆ ತೊಟ್ಟಿಲೂ ಕಂಡಿತು. ಗುಂಪಿನ ಉಳಿದ ನೂರಾರು ಮಂದಿ ಸುಮ್ಮನಿದ್ದರು. ಆ ಮೌನವನ್ನು ಯಾರೂ ನಿರಾಕರಣೆ ಎಂದು ಓದಲಿಲ್ಲ. ಡ್ರಿಲ್ ಇಲ್ಲದವನೂ, ಇದ್ದು ಕೊಡಲು ಮನಸ್ಸಿಲ್ಲದವನೂ ಅಲ್ಲಿ ಒಂದೇ. ಕೊಡದವನ ಮರ್ಯಾದೆಯನ್ನೂ ಉಳಿಸುವ ಈ ಗುಣವೇ ಪೀರ್ಬಿಯ ವಿನ್ಯಾಸದ ತಿರುಳು.

ಇಂಗ್ಲಿಷಿನ ವಿಮರ್ಶಕರು ಇದನ್ನು ಕಾಣದೆ ಹೋದದ್ದಕ್ಕೆ ಒಂದು ಕಾರಣ, ಎಲ್ಲವನ್ನೂ 'ಶೇರಿಂಗ್' ಎಂಬ ಒಂದೇ ಚೀಲಕ್ಕೆ ತುಂಬಿದ್ದು. ನಮ್ಮಲ್ಲಿ ಕಾಫಿಪುಡಿ ತಂದರೆ ಅದು ಕಡ, ಏಣಿ ತಂದರೆ ಎರವಲು, ಶಾಮಿಯಾನ ತಂದರೆ ಬಾಡಿಗೆ. ಕಡ ತಂದದ್ದಕ್ಕೆ ಅಷ್ಟೇ ಅಳತೆಯ ಬೇರೆ ಪುಡಿ ಕೊಟ್ಟರಾಯಿತು. ಎರವಲು ತಂದದ್ದು ಅದೇ ವಸ್ತುವಾಗಿ ಮರಳಬೇಕು, ಮತ್ತು ಅದಕ್ಕೆ ದುಡ್ಡು ಕೊಟ್ಟರೆ ಕೊಟ್ಟವರಿಗೆ ನೋವಾಗುತ್ತದೆ. 2015ರ ಜನವರಿಯಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಸಂಶೋಧಕರಾದ ಎಕ್‌ಹಾರ್ಟ್ ಮತ್ತು ಬಾರ್ಧಿ, ಹಂಚಿಕೆಯ ಆರ್ಥಿಕತೆ ಎಂಬುದು ಹಂಚಿಕೆಯೇ ಅಲ್ಲ, ದುಡ್ಡು ಕೊಟ್ಟು ಪಡೆಯುವ ಬಳಕೆ ಎಂದು ವಾದಿಸಿದರು. ಬಾಡಿಗೆಯ ಮಟ್ಟಿಗೆ ಅವರ ಮಾತು ನಿಜ, ಎರವಲಿಗೆ ಅದು ತಾಗುವುದಿಲ್ಲ. ಅದೇ ವರ್ಷ ಫಾಸ್ಟ್ ಕಂಪನಿ ಪತ್ರಿಕೆಯಲ್ಲಿ ಸಾರಾ ಕೆಸ್ಲರ್, ಹಂಚಿಕೆಯ ಆರ್ಥಿಕತೆ ಸತ್ತಿತು ಎಂದು ಬರೆದರು. ಅಗ್ಗದ ಡ್ರಿಲ್ಲು ಮನೆಬಾಗಿಲಿಗೇ ಬರುವಾಗ ಊರಾಚೆ ಹೋಗಿ ಎರವಲು ತರುವವರು ಯಾರು ಎಂಬುದು ಆ ವಾದದ ಜೀವ. ಆ ಬರಹವನ್ನು ಈಗಲೂ ಅಂತಿಮ ತೀರ್ಪಿನಂತೆ ಉದ್ಧರಿಸುತ್ತಾರೆ. ನನಗೆ ಅದು ಬಾಟ್ಸ್‌ಮನ್ನರ ಲೆಕ್ಕವನ್ನೇ ಹಿಂದಿನಿಂದ ಓದಿದಂತೆ ಕಾಣುತ್ತದೆ. ಅವರು ನಿಮಿಷ ಎಣಿಸಿದರು, ಇವರು ಡಾಲರ್ ಎಣಿಸಿದರು. ಎರವಲೇ ಸತ್ತಿದ್ದರೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ಸಾರ್ವಜನಿಕ ಗ್ರಂಥಾಲಯದ ಸಲಕರಣೆ ವಿಭಾಗ 1979ರಿಂದ ಬದುಕಿದ್ದು ಹೇಗೆ? ಅಲ್ಲಿ ಒಂದು ಕೌಂಟರ್ ಇದೆ, ಅದರ ಹಿಂದೆ ಒಬ್ಬ ಮನುಷ್ಯ ಇದ್ದಾನೆ, ಕೊಡುವುದೇ ಆತನ ಕೆಲಸ. ಕೇಳಲು ಅಲ್ಲಿ ಸಂಕೋಚವಿಲ್ಲ. ಕೇಳುವುದು ಸಲೀಸಾದ ಕಡೆ ಎರವಲು ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬಳಕೆದಾರ ಸ್ನೇಹಿ ಎಂಬ ಪದವನ್ನು ಜಪಿಸುವವರೊಂದಿಗೂ ನನಗೆ ಜಗಳವಿದೆ. ಸ್ಟೀವ್ ಕ್ರುಗ್ 2000ದಲ್ಲಿ ಬರೆದ 'ಡೋಂಟ್ ಮೇಕ್ ಮಿ ಥಿಂಕ್' ಈ ಕಸುಬಿನವರ ಪಠ್ಯಪುಸ್ತಕ. ಪುಟ ನೋಡಿದವನು ತಲೆ ಕೆಡಿಸಿಕೊಳ್ಳಬಾರದು ಎಂಬುದು ಅದರ ಸೂತ್ರ. ರೈಲು ಟಿಕೆಟ್ ಕಾಯ್ದಿರಿಸುವಾಗ ನನಗೂ ಅದೇ ಬೇಕು. ಆದರೆ ಎರವಲಿನ ಪುಟದಲ್ಲಿ ಒಂದು ಕಡೆ ನಿಂತು ಯೋಚಿಸಲೇಬೇಕು: ಯಾಕೆ ಬೇಕು, ಎಷ್ಟು ಹೊತ್ತಿಗೆ, ಹಾಳಾದರೆ ಏನು. ಆ ಮೂರನ್ನೂ ಒಂದು ಗುಂಡಿಯೊಳಗೆ ಅಡಗಿಸಿದ ಪುಟ ಒತ್ತುವವನಿಗೆ ಸುಲಭ, ಕೊಡುವವನಿಗೆ ಭಯ.

ಪೀರ್ಬಿಯಲ್ಲೂ ಕೊರತೆಯಿದೆ. ಮುಂದೆ ಅದೂ ಬಾಡಿಗೆಯ ಕಡೆ ವಾಲಿತು. ಮರಳಿಸುವ ಘಟ್ಟವನ್ನು ಕೇಳುವ ಘಟ್ಟದಷ್ಟು ಆಳವಾಗಿ ಇಂಥ ಯಾವ ತಾಣವೂ ಯೋಚಿಸಿಲ್ಲ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ 2012ರಲ್ಲಿ ಹುಟ್ಟಿದ ಪುಂಪಿಪುಂಪೆ ಎಂಬ ಯೋಜನೆ ಈ ವಿಷಯದಲ್ಲಿ ಹತ್ತಿರ ಬಂತು. ಸೈಕಲ್ ಪಂಪು, ಏಣಿ ಮುಂತಾದವುಗಳ ಪುಟ್ಟ ಸ್ಟಿಕ್ಕರುಗಳನ್ನು ಜನ ತಮ್ಮ ಅಂಚೆಪೆಟ್ಟಿಗೆಗೇ ಅಂಟಿಸುತ್ತಾರೆ. ಇದೂ ಪಟ್ಟಿಯೇ ತಾನೇ ಎಂದರೆ ಹೌದು, ಆದರೆ ಆ ಪಟ್ಟಿ ಬಾಗಿಲಲ್ಲೇ ಇದೆ. ತಂದ ಬಾಗಿಲಿಗೇ ಮರಳಿ ಹೋಗಬೇಕು.

ನಮ್ಮ ಅಡುಗೆಮನೆಗಳಲ್ಲಿ ಇದಕ್ಕೆ ಹಳೆಯ ಉಪಾಯವಿದೆ. ಪಾತ್ರೆಯ ಅಂಗಡಿಯಲ್ಲೇ ಉಳಿ ಹಿಡಿದು ಚುಕ್ಕೆಚುಕ್ಕೆಯಾಗಿ ಹೆಸರು ಕೊರೆಸಿಕೊಂಡು ಬರುತ್ತಿದ್ದರು. ಮದುವೆಮನೆಯ ಹಿತ್ತಿಲಲ್ಲಿ ತೊಳೆದು ಕವುಚಿದ ಕೊಳದಪ್ಪಲೆ, ಬೋಗುಣಿಗಳನ್ನು ಕಂಠ ತಿರುಗಿಸಿ ಹೆಸರು ಓದಿ ಆಯಾ ಮನೆಗೆ ಕಳಿಸುತ್ತಿದ್ದರು. ಬರಿದಾಗಿ ಕಳಿಸುತ್ತಿರಲಿಲ್ಲ, ಹಿಡಿ ಸಕ್ಕರೆಯಾದರೂ ಒಳಗಿರುತ್ತಿತ್ತು. ತಾಣಗಳಲ್ಲಿ ಈ ಘಟ್ಟಕ್ಕೆ ಸಿಗುವುದು ತಾರೀಖಿನ ನೆನಪೋಲೆ ಮತ್ತು ಐದು ನಕ್ಷತ್ರ. ಆ ಹಿಡಿ ಸಕ್ಕರೆ ಇಡಲು ಪುಟದಲ್ಲಿ ಎಲ್ಲೂ ಜಾಗವಿಲ್ಲ.

ನಾಮಕರಣದ ಮರುದಿನ ಡ್ರಿಲ್ಲು ಮೂರನೇ ಮಹಡಿಗೆ ಮರಳಿತು. ಜೊತೆಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ರವೆ ಉಂಡೆ. ಡಬ್ಬಿಯ ಮುಚ್ಚಳದ ಮೇಲೆ ಡ್ರಿಲ್ ಕೇಳಿದ ಹುಡುಗಿಯ ಅಜ್ಜಿಯ ಹೆಸರು ಕೊರೆದಿತ್ತು. ಅದನ್ನು ಮರಳಿಸುವುದು ಈಗ ಮೇಷ್ಟ್ರ ಸರದಿ. ಅದರಲ್ಲಿ ಏನು ಹಾಕಿ ಕಳಿಸೋಣ ಎಂದು ಅವರ ಮನೆಯವರು ಎರಡು ದಿನ ಯೋಚಿಸುತ್ತಿದ್ದರು.