ಮೈಮೇಲಿನ ಸಂವೇದಕಗಳಿಗೆ ಬಯಲಿನ ಲೆಕ್ಕ ಸಲ್ಲದು

ಹೃದಯ ಬಡಿತ, ದೇಹದ ಉಷ್ಣತೆ, ರಕ್ತದಲ್ಲಿನ ಆಮ್ಲಜನಕ ಇವುಗಳನ್ನು ಮೈಮೇಲೆ ಧರಿಸಿದ ಪುಟ್ಟ ಸಂವೇದಕಗಳಿಂದ ಅಳೆದು ನಿಸ್ತಂತುವಾಗಿ ವೈದ್ಯರಿಗೆ ತಲುಪಿಸುವ ವ್ಯವಸ್ಥೆಯೇ ದೇಹ ಸಂವೇದಕ ಜಾಲ. ಇದರ ದೊಡ್ಡ ತೊಡಕು ಬ್ಯಾಟರಿ. ಅದರ ಶಕ್ತಿಯನ್ನು ಉಳಿಸಲು 'ಲೀಚ್' ಎಂಬ ವಿಧಾನವನ್ನೇ ತುಸು ಮಾರ್ಪಡಿಸಿ ಸೂಚಿಸುವ ಸಂಶೋಧನ ಪ್ರಬಂಧಗಳು ಹಲವು. ಈ ಎರವಲು ಎಷ್ಟು ಸರಿ?

ಲೀಚ್ ವಿಧಾನವನ್ನು 2000ದಲ್ಲಿ ಮಂಡಿಸಿದವರು ಅಮೆರಿಕದ ಎಂಐಟಿಯ ವೆಂಡಿ ಹೈನ್ಜೆಲ್ಮನ್, ಅನಂತ ಚಂದ್ರಕಾಸನ್ ಮತ್ತು ಹರಿ ಬಾಲಕೃಷ್ಣನ್. ಬಯಲಿನಲ್ಲಿ ಹರಡಿದ ಸಂವೇದಕಗಳು ಗುಂಪುಗೂಡುತ್ತವೆ. ಸರದಿಯ ಮೇಲೆ ಒಂದೊಂದು ಗುಂಪಿನ ನಾಯಕನಾಗಿ, ಉಳಿದವುಗಳ ಮಾಹಿತಿಯನ್ನು ಒಗ್ಗೂಡಿಸಿ ದೂರದ ಕೇಂದ್ರಕ್ಕೆ ಕಳಿಸುತ್ತದೆ. ಅವರ ಮಾದರಿಯಲ್ಲಿ ಒಂದು ಬಿಟ್ ಕಳಿಸಲು ರೇಡಿಯೊ ಮಂಡಲಕ್ಕೆ 50 ನ್ಯಾನೋಜೌಲ್ ಬೇಕು, ಪಡೆಯಲೂ ಅಷ್ಟೇ. ಇದಲ್ಲದೆ ಕಳಿಸುವಾಗ ದೂರದ ವರ್ಗಕ್ಕೆ ಅನುಗುಣವಾಗಿ, ಪ್ರತಿ ಚದರ ಮೀಟರಿಗೆ 0.1 ನ್ಯಾನೋಜೌಲ್ ವರ್ಧಕಕ್ಕೆ ವೆಚ್ಚವಾಗುತ್ತದೆ.

ನೂರು ಮೀಟರ್ ದೂರಕ್ಕೆ ವರ್ಧಕದ ವೆಚ್ಚ 1000 ನ್ಯಾನೋಜೌಲ್. ಅಲ್ಲಿ ನಾಯಕನಿಂದ ಲಾಭವಿದೆ. ಎದೆಯಿಂದ ಸೊಂಟದ ಪೆಟ್ಟಿಗೆಗೆ ಒಂದು ಮೀಟರೂ ಇಲ್ಲ. ವರ್ಧಕದ ವೆಚ್ಚ ಹೆಚ್ಚೆಂದರೆ 0.1. ನೇರವಾಗಿ ಕಳಿಸಿದರೆ ಸುಮಾರು 50, ನಾಯಕನ ಮೂಲಕವಾದರೆ ಸುಮಾರು 150 ನ್ಯಾನೋಜೌಲ್! ಒಗ್ಗೂಡಿಸುವಿಕೆಯೂ ಇಲ್ಲಿ ನೆರವಾಗದು. ಅಕ್ಕಪಕ್ಕದ ಎರಡು ಉಷ್ಣಮಾಪಕಗಳ ಸರಾಸರಿ ತೆಗೆಯಬಹುದು; ಇಸಿಜಿಗೂ ಜ್ವರಕ್ಕೂ ಸರಾಸರಿ ಎಲ್ಲಿಯದು?

ಲೀಚ್‌ನಿಂದ ಪಡೆಯಬೇಕಾದ್ದು ಬೇರೊಂದಿದೆ. ಪ್ರತಿ ಸಂವೇದಕಕ್ಕೂ ನಿಗದಿತ ಸಮಯ ಕೊಟ್ಟು, ಉಳಿದ ಹೊತ್ತು ಅದರ ರೇಡಿಯೊವನ್ನು ನಿದ್ರೆಗೆ ಕಳಿಸುವ ಕ್ರಮ. ಇದರ ಮಹತ್ವ ದೊಡ್ಡದು. ಸಂಶೋಧಕರು ವ್ಯಾಪಕವಾಗಿ ಬಳಸಿದ ಸಿಸಿ2420 ರೇಡಿಯೊ ಚಿಪ್ ಗರಿಷ್ಠ ಬಲದಲ್ಲಿ ಕಳಿಸುವಾಗ 17.4 ಮಿಲಿಆಂಪಿಯರ್, ಆಲಿಸುವಾಗ 18.8 ಮಿಲಿಆಂಪಿಯರ್ ವಿದ್ಯುತ್ ಎಳೆಯುತ್ತದೆ. ಸುಮ್ಮನೆ ಆಲಿಸುತ್ತಿದ್ದರೂ 225 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಗುಂಡಿ ಕೋಶ ಲೆಕ್ಕಕ್ಕೆ ಹನ್ನೆರಡು ಗಂಟೆಯಲ್ಲಿ ಬರಿದು.

ಇನ್ನೊಂದು ದೋಷ ಅಳತೆಗೋಲಿನದು. 'ಮೊದಲ ಸಂವೇದಕ ಎಷ್ಟು ಸುತ್ತುಗಳ ನಂತರ ಸತ್ತಿತು' ಎಂಬ ಲೆಕ್ಕವನ್ನೇ ಈ ಪ್ರಬಂಧಗಳು ಮುಂದಿಡುತ್ತವೆ. ಬಯಲಿನಲ್ಲಿ ಒಂದು ಸತ್ತರೆ ನೆರೆಯದು ಇದೆ. ಎದೆಯ ಮೇಲಿನ ಇಸಿಜಿ ಸಂವೇದಕಕ್ಕೆ ಬದಲಿಯಿಲ್ಲ. ಇಸಿಜಿಯ ಪೂರ್ಣ ಅಲೆಯ ಬದಲು ಬಡಿತದ ಸಂಖ್ಯೆಯನ್ನಷ್ಟೇ ಕಳಿಸಿದರೆ ಬ್ಯಾಟರಿ ಬಾಳುವುದು ನಿಜ. ಆದರೆ ಲಯದೋಷದ ಗುರುತು ಹಲವೊಮ್ಮೆ ಅಲೆಯ ಆಕಾರದಲ್ಲಿದ್ದು, ಸಂಖ್ಯೆಯಲ್ಲಿ ಕಾಣುವುದಿಲ್ಲ.

ಪರೀಕ್ಷೆಗೆ ಸಾಮಗ್ರಿಯ ಕೊರತೆಯೂ ಇಲ್ಲ. 1980ರಿಂದ ಲಭ್ಯವಿರುವ ಎಂಐಟಿ-ಬಿಐಎಚ್ ಸಂಗ್ರಹದಲ್ಲಿ, ತಜ್ಞರು ಬಡಿತ ಬಡಿತಕ್ಕೂ ಗುರುತು ಹಾಕಿದ ಅರ್ಧ ಗಂಟೆಯ 48 ಇಸಿಜಿ ದಾಖಲೆಗಳಿವೆ. ಶಕ್ತಿ ಉಳಿಸುವ ಯಾವುದೇ ವಿಧಾನವನ್ನು ಇವುಗಳ ಮೇಲೆ ನಡೆಸಿ, ಉಳಿದ ಜೌಲ್‌ಗಳ ಪಕ್ಕದಲ್ಲೇ ತಪ್ಪಿಹೋದ ಬಡಿತಗಳ ಸಂಖ್ಯೆಯನ್ನೂ ಬರೆಯಬೇಕು. ಆ ಎರಡನೆಯ ಸಂಖ್ಯೆಯಿಲ್ಲದ ಉಳಿತಾಯವನ್ನು ರೋಗಿಯ ಮೈಮೇಲೆ ಕಟ್ಟುವಂತಿಲ್ಲ.